ರಾಚಪ್ಪ ಮಾಸ್ತರರ ಗಾಳಿಮೂಗು

“ಎಲ್ಲಾರೂ ಹಿಂದ ಸರೀರಿ! ಗಾಳಿ ಬಿಡ್ತೀನಿ!” ಎಂದು ರಾಚಪ್ಪ ಮಾಸ್ತರರು ಟೇಬಲ್ ಫ್ಯಾನಿನ ಗುಂಡಿ ಒತ್ತಿದರು.

ಎಲ್ಲಾರೂ ಎಂದರೆ ಇಬ್ಬರು. ಒಬ್ಬಳು ಅವರ ಹೆಂಡತಿ ಕಸ್ತೂರೆವ್ವ, ಸೊಂಟದ ಮೇಲೆ ಕೈಯಿಟ್ಟು ಯಂತ್ರದ ಬಲಗಡೆ ನಿಂತವಳು. ಇನ್ನೊಬ್ಬ ಎದುರುಮನೆಯ ವೆಲ್ಡಿಂಗ್ ಅಂಗಡಿಯ ದಾವಲಸಾಬ. ಯಂತ್ರದ ಅರ್ಧ ಪಾಪ ತನ್ನ ತಲೆಯ ಮೇಲೂ ಇದ್ದುದರಿಂದ, ಓಡಿಹೋಗಲು ಅನುಕೂಲವಾಗಲೆಂದು ಅವನು ಬಾಗಿಲ ಹತ್ತಿರ ನಿಂತಿದ್ದ.

ಅಂಗಳದ ನಡುವೆ ಇದ್ದುದು ಮೂರು ಗಾಲಿಯ ಮೋಟಾರ್ ಸೈಕಲ್ಲು. ಮುಂದಿನ ಅರ್ಧ, ಕಸ್ತೂರೆವ್ವನ ಅಪ್ಪ ಅಳಿಯನಿಗೆ ಪ್ರೀತಿಯಿಂದ ಕೊಟ್ಟಿದ್ದ ಹಳೆಯ ಬೈಕು. ಹಿಂದೆ ಎರಡು ಗಾಲಿ, ಅವುಗಳ ಮೇಲೆ ಕಪಾಟಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಹ್ಯಾಂಡಲಿನ ಎಡಕ್ಕೊಂದು ಬಲಕ್ಕೊಂದು ತುತ್ತೂರಿಯ ಬಾಯಿಯಂಥ ತಗಡಿನ ಹೊಳ್ಳೆ. ಅದೇ ಗಾಳಿಮೂಗು!

“ಎರಡು ಗಾಲಿ ಗಾಡಿ ಗಾಳಿ ಬಂದ ಕಡೆ ವಾಲತೈತಿ, ಬದುಕತೈತಿ. ಮೂರು ಗಾಲಿದಕ್ಕ ವಾಲಾಕ ಬರೂದಿಲ್ಲ. ಗಾಳಿ ದಬ್ಬಿದ ಕಡೆ ಹೊಲಕ್ಕ ಹೊಕ್ಕತೈತಿ,” ಎಂದು ಮಾಸ್ತರರು ಹೈಸ್ಕೂಲಿನ ದನಿಯಲ್ಲಿ ವಿವರಿಸಿದರು. “ಈ ಮೂಗು ಏನು ಮಾಡತೈತಿ? ಗಾಳಿ ಎಲ್ಲಿಂದ ಬರತೈತೋ ಆ ಕಡೆ ಹ್ಯಾಂಡಲ್ ಹೊಳ್ಳಸ್ತೈತಿ. ಗಾಡಿ ನೂಲು ಹಿಡದಂಗ ನೆಟ್ಟಗ! ಮತ್ತ ಇದಕ್ಕ ನಾ ಏನೂ ಕಲಿಸಿಲ್ಲ. ತಾನ ಕಲ್ತೈತಿ!”

“ತಿಂಗಳಾನಗಟ್ಲೆ ನನ್ನ ಅಡಗಿಮನಿ ಕಿಟಕಿಗೆ ಕಟ್ಟಿದ್ರಲ್ಲ, ಇದ ಏನು?” ಎಂದಳು ಕಸ್ತೂರೆವ್ವ.

“ಹೌದು! ಊರಾಗ ಎಲ್ಲಾಕಿಂತ ಛಲೋ ಗಾಳಿ ಬರೂದು ಅಲ್ಲೇ.”

ಫ್ಯಾನು ಬಲದಿಂದ ಭರ್ರನೆ ಬೀಸಿತು. ದಾವಲಸಾಬನ ಟೊಪ್ಪಿಗೆ ಹಾರಿತು. ಯಂತ್ರ ಮಾತ್ರ ಕಲ್ಲಿನ ಬಸವಣ್ಣನಂತೆ ಕದಲದೆ ನಿಂತಿತು.

“ಏನೂ ಆಗ್ಲಿಲ್ಲಲ್ರೀ!” ಎಂದು ಕಸ್ತೂರೆವ್ವ ಬಲಗಡೆಯಿಂದ ಕೂಗಿದಳು. “ಇದಕ್ಕ ನಮ್ಮಪ್ಪ ಕೊಟ್ಟ ಗಾಡಿ ಕೊಯ್ದು ಹಾಕಿದ್ರೇನು?”

ಹ್ಯಾಂಡಲು ಗಕ್ಕನೆ ಬಲಕ್ಕೆ ಹೊರಳಿತು!

“ನೋಡಿದ್ಯಾ! ನೋಡಿದ್ಯಾ!” ಮಾಸ್ತರರು ಕುಣಿದರು. “ಸ್ವಲ್ಪ ವಿಚಾರ ಮಾಡಿ ಹೊಳ್ಳತೈತಿ, ಅಷ್ಟ!”

ಕಸ್ತೂರೆವ್ವನಿಗೆ ವಿಚಾರ ಮಾಡಲು ಪುರುಸೊತ್ತಿರಲಿಲ್ಲ. ಮುಳಗುಂದದ ಸಿದ್ದನಗೌಡರ ಮಗಳ ಮದುವೆಗೆ ರೊಟ್ಟಿ ಬಡಿಯುವ ಕೆಲಸ ಮೊದಲ ಸಲ ಅವಳಿಗೆ ಸಿಕ್ಕಿತ್ತು. ಹಾಳೆಯಂತೆ ತೆಳ್ಳಗಿನ, ಮುಟ್ಟಿದರೆ ಸಪ್ಪಳಾಗುವ ಕಡಕ್ ರೊಟ್ಟಿ ಗುಡ್ಡೆಗುಡ್ಡೆಯಾಗಿ ಸಿದ್ಧವಾಗಿದ್ದವು. ಮೊದಲ ಪಂಕ್ತಿ ಕೂಡುವುದರೊಳಗೆ, ಒಂದೂ ಮುರಿಯದಂತೆ ಮುಟ್ಟಿಸುತ್ತೇನೆಂದು ಗೌಡರಿಗೆ ಮಾತು ಕೊಟ್ಟಿದ್ದಳು. ಮುರಿದ ರೊಟ್ಟಿ ಬೀಗರ ಎಲೆಗೆ ಬಿದ್ದರೆ ಗೌಡರ ಮಾನ ಹೋಗುತ್ತಿತ್ತು. ಅದರ ಬೆನ್ನಿಗೇ ಕಸ್ತೂರೆವ್ವನ ಹೆಸರೂ.

ಆದರೆ ಅದು ಆಷಾಢಕ್ಕೆ ಮುಂಚಿನ ಕಡೆಯ ಮುಹೂರ್ತ. ಗದಗಿನಲ್ಲಿ ಗಾಲಿ ಇದ್ದದ್ದೆಲ್ಲ ಯಾವುದೋ ಒಂದು ದಿಬ್ಬಣಕ್ಕೆ ಹೋಗಿತ್ತು. ಗಾಳಿಗೆ ಪಂಚಾಂಗ ಓದಲು ಬಾರದ್ದರಿಂದ ಅದು ಆಷಾಢಕ್ಕೆ ಕಾಯದೆ ಬಂದುಬಿಟ್ಟಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹುಚ್ಚೆದ್ದು ತಿರುಗುತ್ತಿದ್ದವು.

“ಬಾ, ನಾ ಕರಕೊಂಡು ಹೋಗ್ತೀನಿ,” ಎಂದರು ಮಾಸ್ತರರು, ಜೀವಮಾನದಲ್ಲಿ ಮೊದಲ ಸಲ ಹೆಂಡತಿಗೆ ಬೇಕಾದ ಹೊತ್ತಿಗೆ ಬೇಕಾದ ಯಂತ್ರ ಮಾಡಿದ ಹೆಮ್ಮೆಯಲ್ಲಿ.

ರೊಟ್ಟಿ ಪೆಟ್ಟಿಗೆಗೆ ಇಳಿದವು. ಕಸ್ತೂರೆವ್ವ ಹಿಂದಿನ ಸೀಟಿನ ಮೇಲೆ ಎಲ್ಲ ಹೆಂಗಸರಂತೆ ಕಾಲು ಎಡಕ್ಕೆ ಇಳಿಬಿಟ್ಟು ಕೂತಳು. ದಾವಲಸಾಬ ದೇವರ ಹೆಸರು ಹೇಳಿ ಒಳಗೆ ಹೋದ.

ಊರು ದಾಟುವವರೆಗೆ ಎಲ್ಲ ಚೆಂದ. ಎರೆಹೊಲಗಳ ಬಯಲು ಬಂದದ್ದೇ ತಡ, ಬಲಗಡೆಯಿಂದ ಗಾಳಿ ನುಗ್ಗಿ ಪೆಟ್ಟಿಗೆಗೆ ಭುಜ ಕೊಟ್ಟು ದಬ್ಬಿತು. ಗಾಡಿ ಎಡಕ್ಕೆ ಸರಿಯಿತು. ಮೂಗು ತೆಪ್ಪಗಿತ್ತು.

“ಎಡಕ್ಕ ಹೊಂಟೈತ್ರೀ! ನೋಡಿ ಹೊಡೀರಿ!” ಎಂದು ಎಡಕ್ಕೆ ಮುಖ ಮಾಡಿ ಕೂತಿದ್ದ ಕಸ್ತೂರೆವ್ವ ಚೀರಿದಳು.

ಮಾಸ್ತರರು ಎಷ್ಟು ಜಗ್ಗಿ ಹಿಡಿದರೂ ಹ್ಯಾಂಡಲು ಎಡಕ್ಕೇ ಹೊರಳಿತು!

“ಅಯ್ಯ, ಎಡಕ್ಕ ಅಲ್ರೀ! ಕಣ್ಣು ಎಲ್ಲಿಟ್ಟೀರಿ!”

ಇನ್ನಷ್ಟು ಎಡಕ್ಕೆ! ಗಾಡಿ ರಸ್ತೆ ಬಿಟ್ಟು ಯಾರದೋ ಹೆಸರುಕಾಳಿನ ಹೊಲ ಹೊಕ್ಕು, ಬೆದರುಬೊಂಬೆಯನ್ನು ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಬದುವಿಗೆ ಒರಗಿ ನಿಂತಿತು. ಬೆದರುಬೊಂಬೆಯ ಅಂಗಿ ಮಾಸ್ತರರ ಕೊರಳಿಗೆ ಬಂದಿತ್ತು.

ಕಸ್ತೂರೆವ್ವ ಇಳಿದು ಪೆಟ್ಟಿಗೆಗೆ ಕಿವಿಯಿಟ್ಟಳು. ಮುರಿದ ಸಪ್ಪಳಿಲ್ಲ.

“ಆ ಸುಡುಗಾಡು ಮೂಗು ಬಂದ್ ಮಾಡ್ರಿ!”

“ಅದರ ಸ್ವಿಚ್ಚು ಪೆಟಗಿ ತಳದಾಗೈತಿ,” ಎಂದರು ಮಾಸ್ತರರು ಮೆಲ್ಲಗೆ. “ರೊಟ್ಟಿ ಎಲ್ಲಾ ತೆಗೀಬೇಕು.”

ಈ ಗಾಳಿಯಲ್ಲಿ ಪೆಟ್ಟಿಗೆ ತೆಗೆದರೆ ಮುಳಗುಂದಕ್ಕೆ ರೊಟ್ಟಿ ತಾವಾಗಿಯೇ ಹೋಗುತ್ತಿದ್ದವು, ಹಕ್ಕಿಗಳಂತೆ.

ಕಸ್ತೂರೆವ್ವ ಗಾಡಿಯ ಮುಂದೆ ಬಂದು ನಿಂತಳು. ಬಲ ಹೊಳ್ಳೆಗೆ ಬಾಯಿಟ್ಟು ಉಫ್ ಎಂದು ಊದಿದಳು. ಏನೂ ಇಲ್ಲ. “ಒಂದು ಕೆಲಸಾನೂ ನೆಟ್ಟಗ ಮಾಡಲಾರದ ಮನಶಾ!” ಎಂದು ಗದರಿದಳು. ಹ್ಯಾಂಡಲು ವಿಧೇಯವಾಗಿ ಬಲಕ್ಕೆ ಬಂದಿತು.

“ರೀ, ಇದು ಅಡಗಿಮನಿ ಕಿಟಕ್ಯಾಗ ಕಲ್ತದ್ದು ಗಾಳಿ ಅಲ್ರೀ.”

“ಮತ್ತ?”

“ನನ್ನ.”

ಮಾಸ್ತರರು ಬಲ ಹೊಳ್ಳೆಯೊಳಗೆ ಇಣುಕಿ ನೋಡಿದರು. ವೈಜ್ಞಾನಿಕವಾಗಿ ತಪ್ಪು ಹುಡುಕಲು ಆಗಲಿಲ್ಲ. ಆ ಕಿಟಕಿಯಿಂದ ಹೆಚ್ಚು ಜೋರಾಗಿ ಬೀಸಿದ್ದು ಯಾವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಹಂಗಾರ ಸಲೀಸಾತು,” ಎಂದಳು ಕಸ್ತೂರೆವ್ವ ಸೆರಗು ಬಿಗಿದು. “ಗಾಳಿ ಬಲದಿಂದ. ನಾ ಬಲಕ್ಕ ಕೂತು ಬೈತೀನಿ. ಹೊಡೀರಿ ಗಾಡಿ!”

ಕಾಲು ಬಲಕ್ಕೆ ಇಳಿಬಿಟ್ಟು ಕೂತ ಹೆಂಗಸನ್ನು ಆ ರಸ್ತೆ ಮೊದಲ ಸಲ ನೋಡಿತು. ಗಾಳಿ ಎಡಕ್ಕೆ ದಬ್ಬಿತು, ಕಸ್ತೂರೆವ್ವ ಬಲಕ್ಕೆ ಬೈದಳು, ಗಾಡಿ ನೆಟ್ಟಗೆ! ಕಿತ್ತುಹೋದ ಮಿಕ್ಸರಿನ ಮೋಟಾರು, ಗಡಿಯಾರದಿಂದ ಮಾಡಿದ ಇಲಿಬೋನು, ಕರೆಂಟು ಹೊಡೆಯುತ್ತಿದ್ದ ತೊಟ್ಟಿಲು... ಬೈಯಲು ಸಾಮಾನಿಗೆ ಬರವಿರಲಿಲ್ಲ. ಗಾಳಿ ಏರಿದಾಗ ದನಿ ಏರಿಸಿದಳು, ಇಳಿದಾಗ ಇಳಿಸಿದಳು. ಮಾಸ್ತರರಿಗೂ ಬೈಸಿಕೊಳ್ಳುವುದರಲ್ಲಿ ಇಷ್ಟು ಆನಂದ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಎದುರಿಗೆ ಹೊಟ್ಟು ತುಂಬಿದ ಲಾರಿ ಬಂತು. ಬಂದದ್ದೇ ಗಾಳಿಗೆ ಅಡ್ಡವಾಯಿತು. ಗಾಳಿ ತಟ್ಟನೆ ನಿಂತಿತು, ಕಸ್ತೂರೆವ್ವನ ಬೈಗುಳ ನಿಲ್ಲಲಿಲ್ಲ. ಗಾಡಿ ಬಲಕ್ಕೆ, ಲಾರಿಯ ಕಡೆಗೇ ಹೊರಟಿತು! ಅವಳು ಗಾಬರಿಯಿಂದ ಕೂಗಿದಷ್ಟೂ ಅದು ಆ ಕಡೆಗೇ!

“ರೀ! ನೀವೂ ಎಡಕ್ಕ ತಿರುಗಿ ಬೈರಿ!”

“ಯಾರಿಗೆ?”

“ನನಗ!”

“ನಿನಗ? ಛೇ ಛೇ, ಅದೆಲ್ಲ ನನಗ...”

“ಲಾರಿ ಬಂತೂ! ಬೈರಿ ಅಂದ್ರ ಬೈರಿ!”

ಮದುವೆಯಾದಂದಿನಿಂದ ಹೆಂಡತಿಗೆ ಎದುರು ಮಾತಾಡದ ರಾಚಪ್ಪ ಮಾಸ್ತರರು ಎಡಕ್ಕೆ ಕತ್ತು ಹೊರಳಿಸಿ, ಗಂಟಲು ಸರಿಮಾಡಿಕೊಂಡು, “ನೀ... ನೀ ಅಷ್ಟೇನೂ ಛಲೋ ಇಲ್ಲ!” ಎಂದರು.

ಮೂಗು ಅಲ್ಲಾಡಲೂ ಇಲ್ಲ. ಅದು ಕಲಿತದ್ದು ಮಾತಿನ ಸಪ್ಪಳವನ್ನಲ್ಲ, ಮಾತಿನ ಬಿಸಿಯನ್ನು. ಲಾರಿಯ ಹಾರ್ನು ಆಕಾಶ ಹರಿಯಿತು.

“ನಿನ್ನ ಶೇಂಗಾ ಚಟ್ನ್ಯಾಗ ಬಳ್ಳೊಳ್ಳಿ ಹೆಚ್ಚಾಗತೈತೀ!” ಮಾಸ್ತರರು ಎಲ್ಲಿಂದಲೋ ಗುಡುಗಿದರು. “ಮದಿವ್ಯಾದ ಮರುದಿನದಿಂದ ಹೆಚ್ಚಾಗತೈತಿ!”

ಹ್ಯಾಂಡಲು ಎಡಕ್ಕೆ ಬಡಿದುಕೊಂಡಿತು. ಲಾರಿ ಮಾಸ್ತರರ ಅಂಗಿಯ ತೋಳು ಸವರಿಕೊಂಡು ಹೋಯಿತು.

ಕಸ್ತೂರೆವ್ವ ಮೂಕಳಾಗಿ ಕೂತಳು. ಪರಿಣಾಮವಾಗಿ ಗಾಡಿ ಎಡಗಡೆಯ ಗಟಾರಕ್ಕೆ ಮುಖ ಮಾಡಿತು. ಆಮೇಲೆ ಅವಳಿಗೆ ಮಾತು ಮರಳಿತು.

“ಏನಂದ್ರೀ?”

“ಅಂದದ್ದು ಅಂದೆ!”

“ಬಳ್ಳೊಳ್ಳಿ ಹೆಚ್ಚಂತ! ನಿಮ್ಮ ನಾಲಿಗಿಗೆ ರುಚಿ ಗೊತ್ತೇನು?”

“ನಿಮ್ಮಣ್ಣ ಒಯ್ದ ನನ್ನ ನಟ್ಟು ಬಿಚ್ಚೂ ಪಾನ ಎಲ್ಲಿ? ಅದನ್ನ ಹೇಳು ಮೊದಲ!”

ಇಬ್ಬರ ಬಾಯಿಯ ನಡುವೆ ಗಾಡಿ ಕಂಬಿಯ ಮೇಲಿನ ರೈಲಿನಂತೆ ಓಡಿತು. ಸೀದಾ! ಹೊಲಗಳಲ್ಲಿ ಜನ ಕುಂಟೆ ನಿಲ್ಲಿಸಿ ನೋಡಿದರು. ಬಾಯಿಗೆ ಬಾಯಿ ಕೊಡುತ್ತಲೇ ಅವರು ಹಳ್ಳ ದಾಟಿದರು, ಏರು ಏರಿದರು, ಮುಳಗುಂದ ಹೊಕ್ಕು ಸಿದ್ದನಗೌಡರ ಹಂದರದ ಎದುರು ಬಂದು ನಿಂತರು.

ಎಲೆ ಹಾಕುತ್ತಿದ್ದರು, ಅಷ್ಟೇ. ಪೆಟ್ಟಿಗೆ ತೆಗೆದರೆ ಒಂದು ರೊಟ್ಟಿಯೂ ಮುರಿದಿರಲಿಲ್ಲ! ಗೌಡರು ಒಂದನ್ನು ಎತ್ತಿ ಬೀಗರಿಗೆ ಕಾಣುವಂತೆ ಬೆಳಕಿಗೆ ಹಿಡಿದರು. ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಾಸ್ತರರು ಮಾತ್ರ ಸಂತೋಷದಲ್ಲಿ ಕೀಲಿ ತೆಗೆಯುವುದನ್ನೂ, ಸ್ವಿಚ್ಚನ್ನೂ ಮರೆತಿದ್ದರು.

ಮೊದಲ ಪಂಕ್ತಿಯಲ್ಲಿ ಯಾರು ಕೂಡಬೇಕೆಂದು ಬೀಗರೊಳಗೆ ಮಾತು ಹತ್ತಿತು. ಗಂಡಿನ ಕಡೆಯವರು ಬಲದಿಂದ ಕೂಗಿದರು. ಗಾಡಿ ಅವರ ಕಡೆ ಕತ್ತು ತಿರುಗಿಸಿತು. ಹೆಣ್ಣಿನ ಕಡೆಯವರು ಎಡದಿಂದ ಏರಿದರು. ಅವರ ಕಡೆ ತಿರುಗಿತು. ಎರಡೂ ಕಡೆಯ ಅಹವಾಲು ಕೇಳುವ ಪಂಚರಂತೆ ಅದು ಅತ್ತ ಇತ್ತ ನೋಡುತ್ತಿದ್ದುದನ್ನು ಕಂಡು ಒಬ್ಬೊಬ್ಬರೇ ನಾಚಿ ದನಿ ತಗ್ಗಿಸಿದರು. ಕೊನೆಗೆ ಹಂದರವೇ ಮೌನವಾಯಿತು. ಯಂತ್ರ ನೆಟ್ಟಗೆ ನಿಂತಿತು. ಎಲ್ಲರೂ ಕೂಡಿಯೇ ಕೂತು ಉಂಡರು.

“ಮಾಸ್ತರ,” ಸಿದ್ದನಗೌಡರು ಕೈಮುಗಿದರು, “ಬೀಗರು ಹೋಗೂತನಕ ಇದು ಇಲ್ಲೇ ಇರಲಿ.”

ಹಾಗಾಗಿ ಗಂಡಹೆಂಡತಿ ಬಸ್ಸಿಗೆ ಬಂದರು. ಹೇಗೂ ಗಾಡಿ ಒಯ್ಯುವಂತಿರಲಿಲ್ಲ. ಜಗಳಕ್ಕೆ ಇಬ್ಬರಲ್ಲೂ ಏನೂ ಉಳಿದಿರಲಿಲ್ಲ.

ಅರ್ಧ ದಾರಿಯಲ್ಲಿ ಕಸ್ತೂರೆವ್ವ ಕಿಟಕಿಯ ಕಡೆ ನೋಡುತ್ತ ಕೇಳಿದಳು: “ಖರೇನ ಬಳ್ಳೊಳ್ಳಿ ಹೆಚ್ಚಾಗತೈತೇನ್ರಿ?”

ರಾಚಪ್ಪ ಮಾಸ್ತರರು ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡರು.

“ಈ ಬಸ್ಸಿಗೆ ಡ್ರೈವರ್ ಅದಾನ,” ಎಂದರು. “ನಾವು ಸುಮ್ಮನ ಕೂಡೂಣು.”