ಅಮೀಬಾ ತಿನ್ನುವ ಜೀವಿ

ಎಲ್ಲ ಹಾಳಾದದ್ದು ಒಂದು ಚೀಟಿಯಿಂದ. ಕೆರೆನೀರಿನ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ ಸಹಾಯಕನಾಗಿದ್ದವನನ್ನು ಎಲ್ಲರೂ ‘ಹಂಗಾಮಿ’ ಎಂದೇ ಕರೆಯುತ್ತಿದ್ದರು. ಮರಳಿನ ಕಣ ಅಂಟಿಸಿಕೊಂಡು ಚಿಪ್ಪು ಕಟ್ಟುವ ಅಮೀಬಾಗಳನ್ನು ಜಾಡಿಯಲ್ಲಿ ಹೆತ್ತ ಮಕ್ಕಳಂತೆ ಸಾಕಿದ್ದ. ಇವತ್ತು ನಿರ್ದೇಶಕರು ಕೆಲಸ ನೋಡಿ ಒಬ್ಬರನ್ನು ಕಾಯಂ ಮಾಡುವವರಿದ್ದರು. ಆಗದಿದ್ದರೆ ಅವನಿಗೆ ಸಂಜೆಯೇ ಮನೆ ದಾರಿ.

ಜಾಡಿಯ ಪಕ್ಕ ಎರಡು ಸೀಸೆ. ಒಂದರಲ್ಲಿ ಅಮೀಬಾಗಳ ಆಹಾರವಾದ ಹಸಿರು ಪಾಚಿ. ಇನ್ನೊಂದರಲ್ಲಿ, ಅಮೀಬಾಗಳನ್ನೇ ತಿನ್ನುತ್ತವೆಂದು ನಿರ್ದೇಶಕರಿಗೆ ಗುಮಾನಿಯಿದ್ದ ಒಕ್ಕಣ್ಣಿನ ಹುಳುಗಳು. ಅದರ ಮೇಲೆ ಹಂಗಾಮಿ ದುಂಡಗೆ ಬರೆದು ಅಂಟಿಸಿದ್ದ: ‘ಅಮೀಬಾ ತಿನ್ನುವ ಜೀವಿ’.

ಬೆಳಿಗ್ಗೆ ಬಂದಾಗ ಆ ಸೀಸೆ ಖಾಲಿ.

“ನಿನ್ನೆ ಸಂಜೆ ನೀನು ಬೇಗ ಹೋದ್ಯಲ್ಲ, ಪಾಪ ಹಸ್ಕೊಂಡಿರ್ತವೆ ಅಂತ ನಾನೇ ಊಟ ಹಾಕ್ದೆ ಕಣಪ್ಪ,” ಎಂದರು ಟೈಪಿಸ್ಟಮ್ಮ. ಅವರದೂ ತಾತ್ಕಾಲಿಕ ಕೆಲಸವೇ, ಕನಿಕರ ಮಾತ್ರ ಕಾಯಂ.

“ಅಮ್ಮಾ, ಅದು ಅಮೀಬಾ ತಿನ್ನೋದಲ್ಲ, ಅಮೀಬಾನ ತಿನ್ನೋದು.”

“ಹಾಗಂತ ಬರೀಬೇಕಿತ್ತು. ಒಂದು ಪ್ರತ್ಯಯಕ್ಕೆ ಯಾಕಪ್ಪ ಜಿಪುಣತನ?”

ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಖಾಲಿ ಚಿಪ್ಪುಗಳ ರಾಶಿ, ನಡುವೆ ಹೊಟ್ಟೆ ತುಂಬಿದ ಹುಳುಗಳ ಓಡಾಟ. ಒಂದು ಅಮೀಬಾವಾದರೂ ಬದುಕಿರಬಹುದೆಂದು ಕಾವಲುಗಾರನ ಮಾತು ಕೇಳಿ ನೀರನ್ನು ಟೀ ಜರಡಿಯಲ್ಲಿ ಸೋಸಿದ. ಹುಳುಗಳು ನುಸುಳಿಕೊಂಡವು, ಜರಡಿಯಲ್ಲಿದ್ದ ಹಳೇ ಚರಟವೂ ಜಾಡಿಗೆ ಬಿತ್ತು. ಮಧ್ಯಾಹ್ನದವರೆಗೆ ಹುಡುಕಿದರೂ ಒಂದೂ ಸಿಗಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ.

“ಅಳೋದು ಬಿಡಿ, ಬರೆಸ್ಕೊಳ್ಳಿ,” ಎಂದ ಕಾವಲುಗಾರ. “ನಾಳೆ ನಿಮ್ಮ ತಲೆಗೇ ಕಟ್ತಾರೆ.”

ಹಂಗಾಮಿ ಬರೆಸಿಕೊಂಡ. ‘ಹುಳುಗಳನ್ನು ಅಮೀಬಾಗಳಿಗೆ ಬಿಟ್ಟಿದ್ದು ನಾನೊಬ್ಬಳೇ. ಹಂಗಾಮಿಗೂ ಇದಕ್ಕೂ ಸಂಬಂಧವಿಲ್ಲ.’ ಟೈಪಿಸ್ಟಮ್ಮ ಮೂಗು ಒರೆಸಿಕೊಳ್ಳುತ್ತ ಸಹಿ ಹಾಕಿದರು. ಕಾವಲುಗಾರ ಸಾಕ್ಷಿ. ಹಂಗಾಮಿಗೆ ನಾಚಿಕೆಯಾಯಿತು, ಆದರೂ ಕಾಗದವನ್ನು ಭದ್ರವಾಗಿ ಜೇಬಿಗಿಟ್ಟ.

ನಿರ್ದೇಶಕರು ಬಂದರು. ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಅವರು ಬಾಯಿ ಬಿಡುವ ಮೊದಲೇ ಹಂಗಾಮಿ ಕಾಗದ ಮುಂದೆ ಹಿಡಿದ.

“ಇದು ಪೂರ್ತಿ ಅವರದ್ದೇನಾ?”

“ಪೂರ್ತಿ ಸಾರ್. ನಾನು ಇದ್ದಿದ್ರೆ ಬಿಡ್ತಾನೇ ಇರ್ಲಿಲ್ಲ.”

“ಗೊತ್ತು. ಈ ಹುಳುಗಳಿಗೆ ಹಾಕಿ ನೋಡೋಕೆ ಒಂದೇ ಒಂದು ಅಮೀಬಾ ಕೊಡು ಅಂದ್ರೂ ನೀನು ಕೊಡ್ಲಿಲ್ಲ,” ಎಂದರು ನಿರ್ದೇಶಕರು. “ನಾಲ್ಕು ವರ್ಷದಿಂದ ಈ ಪುರಾವೆಗೆ ಕಾಯ್ತಿದ್ದೆ. ಆ ಹುದ್ದೆ ಅವರಿಗೇ ಹೋಗ್ಲಿ.”

ಟೈಪಿಸ್ಟಮ್ಮ ಕಣ್ಣೊರೆಸಿಕೊಳ್ಳುತ್ತಲೇ ಎರಡು ಕಾಗದ ಟೈಪ್ ಮಾಡಿದರು. ಒಂದು ತಮ್ಮ ನೇಮಕದ್ದು, ಇನ್ನೊಂದು ಅವನ ಬಿಡುಗಡೆಯದು. ಹಂಗಾಮಿ ಜಾಡಿ ತೊಳೆದಿಟ್ಟು ಮನೆಗೆ ಹೊರಟ.