ಮಾತಾಡಬಾರದ ಶನಿವಾರ

ಕ್ಲೈಡ್ ಮೆಡೇರೋಸ್‌ಗೆ ಎಳವೆಯಿಂದ ಜೊತೆಗೆ ಬಂದ ವಾಸನೆಯೆಂದರೆ ಮಲಸಾದದ್ದು. ಉಬ್ಬಿದ ಮೈದಾ ಉಂಡೆಗಳನ್ನು ಅವನಮ್ಮ ಎಣ್ಣೆಗೆ ಬಿಟ್ಟು, ಕೆಂಪಗಾದ ಮೇಲೆ ತೆಗೆದು ಸಕ್ಕರೆಯಲ್ಲಿ ಹೊರಳಿಸುವಾಗ, ಬೀದಿಯಲ್ಲಿ ಹೋಗುತ್ತಿದ್ದವರ ಕಾಲು ತಾನಾಗಿ ಇವರ ಮನೆಯ ಕಡೆ ತಿರುಗುತ್ತಿತ್ತು. ಬಂದವರ ಕೈಗೊಂದು ಮಲಸಾದ, ಕಿವಿಗೊಂದು ಸುದ್ದಿ. ಬರಿಗೈಯಲ್ಲಿ ಕೂತವರನ್ನಾಗಲಿ, ಸುಮ್ಮನೆ ಕೂತವರನ್ನಾಗಲಿ ಕಂಡರೆ ಮೆಡೇರೋಸ್ ಮನೆಯವರಿಂದ ನೋಡಲಾಗುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದು ಕ್ಲೈಡ್ ಮೂರು ಡಜನ್ ಮಲಸಾದ ಕರಿದದ್ದೇ ಎಲ್ಲ ತೊಂದರೆಗೂ ಮೊದಲಾಯಿತು.

ಆಸ್ಪತ್ರೆಯ ಅಡುಗೆಮನೆಯ ಪಾಳಿಗೆ ಹೊರಟಿದ್ದ ಹೆಂಡತಿ ಲೋರ್ನಾ ಡಬ್ಬಿ ನೋಡಿ ಬಾಗಿಲಲ್ಲೇ ನಿಂತಳು.

"ಇದೆಲ್ಲ ಯಾರಿಗೆ?"

"ಟೀಮಿನ ಹುಡುಗೀರಿಗೆ. ಮತ್ತೆ ಅಕ್ಕಪಕ್ಕ ಕೂತೋರಿಗೆ."

"ಕೊಡು. ಆದ್ರೆ ಬಾಯಿ ಬಿಡ್ಬೇಡ. ಇವತ್ತೊಂದು ದಿನ, ಕ್ಲೈಡ್. ಕೋಚ್ ಹತ್ರ ಒಂದು ಮಾತಾಡಿದ್ರೂ ಕೆಲಸ ಕೆಡುತ್ತೆ."

"ನಾನೇನು ಚಿಕ್ಕ ಮಗೂನಾ?"

"ಮಗು ನಿದ್ದೆ ಮಾಡ್ವಾಗಲಾದ್ರೂ ಸುಮ್ನಿರುತ್ತೆ. ನೀನು ನಿದ್ದೇಲೂ ಮಾತಾಡ್ತೀಯ."

ವಿಷಯ ಸಣ್ಣದಲ್ಲ. ಅವರ ಮಗಳು ಲೇಹುವಾಳನ್ನು ನೋಡಲು ನಾಲ್ಕು ಸಾವಿರ ಮೈಲಿ ಆಚೆಯ ಮಿನೆಸೋಟಾದ ಒಂದು ಕಾಲೇಜಿನಿಂದ ಸಾಫ್ಟ್‌ಬಾಲ್ ಕೋಚ್ ಹವಾಯಿ ದ್ವೀಪದ ನಮ್ಮ ಹೀಲೋ ಊರಿಗೆ ಬರುವವರಿದ್ದರು. ಟೀಮಿನಲ್ಲಿ ಉಳಿದಿದ್ದದ್ದು ಒಂದೇ ಜಾಗ. ಸಿಕ್ಕಿದರೆ ನಾಲ್ಕು ವರ್ಷ ಓದು, ಊಟ, ಆಟ ಎಲ್ಲವೂ ಕಾಲೇಜಿನದು. ಸಿಗದಿದ್ದರೆ ಆರನೇ ವಯಸ್ಸಿನಿಂದ ಕೈಬಿಡದ ಆ ಗ್ಲೌಸನ್ನು ಶಾಲೆ ಮುಗಿಯುವ ಜೂನ್ ತಿಂಗಳಲ್ಲಿ ಮೊಳೆಗೆ ನೇತುಹಾಕುವುದು. ಇದರಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು: ಆಟ ನೋಡಲು ಬಂದ ದಿನ ಕೊನೆಯ ಆಟ ಮುಗಿಯುವ ತನಕ ಕೋಚ್ ಆಟಗಾರ್ತಿಯ ಜೊತೆಯಾಗಲಿ ಅವಳ ಮನೆಯವರ ಜೊತೆಯಾಗಲಿ ಮಾತಾಡಕೂಡದು.

ಕೋಚ್ ಹೇಗಿರುತ್ತಾರೆಂದು ಕ್ಲೈಡ್‌ಗೆ ಗೊತ್ತಿರಲಿಲ್ಲ. ಅವರು ಮಗಳನ್ನೂ ಲೋರ್ನಾಳನ್ನೂ ಫೋನಿನ ಪರದೆಯಲ್ಲಿ ಮಾತಾಡಿಸಿದ ದಿನ ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಹೆಸರೊಂದೇ, ಕೋಚ್ ಸೊರೆನ್ಸನ್.

"ಸೊರೆನ್ಸನ್ ಅಂದ್ರೆ ಬಿಳಿಯರ ಹೆಸರು, ಇನ್ನೇನು?" ಎಂದು ಪಕ್ಕದ ಮನೆಯ ಫುಮಿ ಆಂಟಿ ಮೈದಾನದ ಗೇಟಿನಲ್ಲೇ ತೀರ್ಪು ಕೊಟ್ಟಳು. ಎಪ್ಪತ್ತೆರಡು ವರ್ಷದ ಫುಮಿ ಆಂಟಿಗೆ ಊರಿನ ಎಲ್ಲ ಹುಡುಗಿಯರ ಆಟದ ಅಂಕಗಳೂ ಅವರ ಅಪ್ಪಂದಿರ ತಪ್ಪುಗಳೂ ಬಾಯಿಪಾಠ. "ಎತ್ತರಕ್ಕಿರ್ತಾಳೆ, ಮೆಕ್ಕೆಜೋಳದ ತೆನೆಯ ಎಳೆ ಥರ ಕೂದಲು, ಬಿಸಿಲಿಗೆ ಸೀಗಡಿ ಹಾಗೆ ಕೆಂಪಾಗಿರ್ತಾಳೆ. ಅಗೋ."

ಆಂಟಿಯ ಬೆರಳು ತೋರಿದ ಕಡೆ ಎಲ್ಲವೂ ಹೇಳಿದ ಹಾಗೇ ಇತ್ತು. ದೊಡ್ಡ ಹುಲ್ಲಿನ ಟೋಪಿ, ಹೊಂಬಣ್ಣದ ಕೂದಲು, ತೊಡೆಯ ಮೇಲೆ ಒಂದು ನೋಟ್‌ಬುಕ್. ಪ್ರತಿ ಚೆಂಡಿಗೂ ಆ ಹೆಂಗಸು ಏನೋ ಗುರುತು ಹಾಕಿಕೊಳ್ಳುತ್ತಿದ್ದರು.

"ಮಾತಾಡಬಾರದು ಆಂಟಿ, ರೂಲಿದೆ," ಎಂದ ಕ್ಲೈಡ್.

"ರೂಲು ಮಾತಿಗೆ ಕಣೋ. ಅನ್ನಕ್ಕಲ್ಲ."

ಹೀಗೆಂದು ಫುಮಿ ಆಂಟಿ ಸೀದಾ ನಡೆದು ಆ ಹೆಂಗಸಿನ ಕೊರಳಿಗೊಂದು ಹೂವಿನ ಹಾರ ಹಾಕಿ, ಮಡಿಲಿಗೊಂದು ತಟ್ಟೆ ಅನ್ನ-ಕೋಳಿ ಇಟ್ಟು, ತುಟಿ ಬಿಗಿಹಿಡಿದು ವಾಪಸ್ಸು ಬಂದಳು. ಅವಳನ್ನು ನೋಡಿ ಟೀಮಿನ ಉಳಿದ ತಾಯಂದಿರೂ ಸಾಲಾಗಿ ಹೊರಟರು. ಆ ಹೆಂಗಸು ಕಣ್ಣರಳಿಸಿ ಒಂದೊಂದೇ ತಟ್ಟೆಯನ್ನು ಪಕ್ಕಕ್ಕೆ ಪೇರಿಸುತ್ತಾ, ತಲೆಯೆತ್ತಿ ಕ್ಲೈಡ್‌ನನ್ನು ನೋಡಿದರು. ನೋಡಿದವರೇ ಬೆರಳೆತ್ತಿ ಅವನತ್ತ ಬರತೊಡಗಿದರು.

ಕ್ಲೈಡ್ ಡಬ್ಬಿಯನ್ನು ಎದೆಗವಚಿಕೊಂಡು ಓಡಿದ. ಬೆಂಚುಗಳ ಕೊನೆಯ ಮೆಟ್ಟಿಲಲ್ಲಿ ಒಬ್ಬಳೇ ಕೂತಿದ್ದ ಹೆಂಗಸಿನ ಪಕ್ಕಕ್ಕೆ ದೊಪ್ಪನೆ ಕೂತ. ಹವಾಯಿ ಚಪ್ಪಲಿ, ಬಣ್ಣ ಹೋದ ಜಾಕೆಟ್ಟು, ಕೈಯಲ್ಲಿ ಉಪ್ಪು ಹಾಕಿ ಒಣಗಿಸಿದ ಪ್ಲಮ್ಮಿನ ಪೊಟ್ಟಣ. ಯಾರದೋ ಚಿಕ್ಕಮ್ಮನೋ ಅತ್ತೆಯೋ ಇರಬೇಕು. ನಮ್ಮಲ್ಲಿ ಹೆಸರು ಕೇಳುವುದಕ್ಕೆ ಮೊದಲು ತಿನ್ನಲು ಕೊಡುವುದು ರೂಢಿ. ಎಷ್ಟೋ ಸಲ ಹೆಸರು ಕೇಳುವುದು ಮರೆತೇ ಹೋಗುತ್ತದೆ.

"ತಗೊಳ್ಳಿ ಅಕ್ಕ, ಇನ್ನೂ ಬಿಸಿ ಇದೆ."

ಅವಳು ನಕ್ಕಳು, ಮಲಸಾದ ತೆಗೆದುಕೊಂಡಳು. ಆಮೇಲೆ ತುಸು ಮುಜುಗರದಿಂದ, "ನಾನು ಈಗ ಮಾತಾಡೋ ಹಾಗಿಲ್ಲ," ಎಂದಳು.

"ಅಯ್ಯೋ, ಗಂಟಲಾ?" ಕ್ಲೈಡ್‌ನ ಮುಖದಲ್ಲಿ ಮರುಕ ತುಂಬಿತು. "ನನ್ನ ನಾದಿನಿಗೂ ಹಿಂಗೇ ಆಗಿತ್ತು. ಡಾಕ್ಟ್ರು ಒಂದು ತಿಂಗಳು ಬಾಯಿ ಬಿಡ್ಬಾರ್ದು ಅಂದಿದ್ರು. ನೀವು ಸುಮ್ನೆ ಕೂತ್ಕೊಳ್ಳಿ ಅಕ್ಕ. ನಾನು ಮಾತಾಡ್ತೀನಿ."

ಮತ್ತು ಮಾತಾಡಿದ.

ಮೊದಲ ಆಟದ ಮೂರನೇ ಸರದಿಗೆ ಬರುವಷ್ಟರಲ್ಲಿ, ಓಡಿ ಮುಟ್ಟಬೇಕಾದ ಎರಡನೇ ಮೂರನೇ ನೆಲೆಗಳ ನಡುವೆ ನಿಂತಿರುವ ಆ ಜಡೆಯ ಹುಡುಗಿ ತನ್ನ ಮಗಳೆಂದೂ, ಅವಳನ್ನು ಎಬ್ಬಿಸಲು ನಾಲ್ಕು ಅಲಾರಂ ಬೇಕೆಂದೂ, ನಾಲ್ಕನೆಯದನ್ನು ಬಾತ್‌ರೂಮಿನಲ್ಲಿ ಇಡಬೇಕೆಂದೂ ಹೇಳಿಯಾಗಿತ್ತು. ಕೆಳಗೆ ಆಚೆ ಬದಿಗೆ ಬೀಳುವ ಚೆಂಡನ್ನು ಹೊಡೆಯಲು ಅವಳಿಗೆ ಸುತರಾಂ ಆಗದು. ಕಾಲೇಜಿಗೆ ಕಳಿಸಿದ ವಿಡಿಯೋದಲ್ಲಿ ಅದೇನೂ ಕಾಣುವುದಿಲ್ಲ, ಯಾಕೆಂದರೆ ಅವಳ ಸೋದರಮಾವ ಅವನ್ನೆಲ್ಲ ಕತ್ತರಿಸಿ ನಡುವೆ ಕಾಮನಬಿಲ್ಲಿನ ಚಿತ್ರ ಹಾಕಿದ್ದಾನೆ.

"ಅದಕ್ಕೇ ಅದರಲ್ಲಿ ಅಷ್ಟೊಂದು ಕಾಮನಬಿಲ್ಲು," ಎಂದ ಕ್ಲೈಡ್, ಮೆಚ್ಚುಗೆಯಿಂದ.

ಆ ಹೆಂಗಸಿಗೆ ಕೆಮ್ಮು ಬಂತು. ಪಾಪ, ಗಂಟಲು.

ಮೈದಾನದಲ್ಲಿದ್ದ ಲೇಹುವಾ ತಲೆಯೆತ್ತಿ ಇವರನ್ನು ಕಂಡವಳು ಹಾಗೇ ಕಲ್ಲಾದಳು. ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದಳು. ತುಟಿಗೆ ಬೀಗ ಹಾಕಿದಂತೆ ಬೆರಳು ತಿರುಗಿಸಿದಳು. ಕ್ಲೈಡ್ ಕೆಳಗಿದ್ದ ಟೋಪಿಯ ಹೆಂಗಸನ್ನು ಕಣ್ಣಿನಲ್ಲೇ ತೋರಿಸಿ, ತಾನೂ ತುಟಿಗೆ ಬೀಗ ಹಾಕಿ, ಹೆಬ್ಬೆರಳೆತ್ತಿದ. ಮಗಳು ಕಣ್ಣು ಮುಚ್ಚಿಕೊಂಡಳು. ಆ ಕ್ಷಣಕ್ಕೇ ಬಂದ ಚೆಂಡು ಅವಳ ಕಾಲ ಸಂದಿನಲ್ಲಿ ಉರುಳಿಹೋಯಿತು.

"ನೋಡಿ, ಹೆದರಿಕೆ ಅವಳಿಗೆ," ಎಂದು ಕ್ಲೈಡ್ ವಿವರಿಸಿದ.

ಮೊದಲ ಆಟ ಸೋತರು. ಎರಡನೆಯದಕ್ಕೆ ಆ ಹೆಂಗಸು ಎದ್ದು ಮೈದಾನದ ಆಚೆ ಬದಿಗೆ ಹೋಗಿ ಕೂತಳು. ಟೋಪಿಯ ಹೆಂಗಸು ಮತ್ತೆ ಬೆರಳೆತ್ತಿ ಮೆಟ್ಟಿಲು ಹತ್ತುತ್ತಿರುವುದನ್ನು ನೋಡಿ ಕ್ಲೈಡ್ ಕೂಡ ಹಿಂಬದಿಯಿಂದ ಜಿಗಿದು ಆಚೆ ಬದಿಗೆ ಹೋದ. ಹೋಗುವಾಗ ದಾರಿಯಲ್ಲಿ ಬಿಸಿನೀರಿಗೆ ಶುಂಠಿ, ಜೇನುತುಪ್ಪ ಹಾಕಿಸಿಕೊಂಡ.

"ಗಂಟಲಿಗೆ," ಎಂದು ಲೋಟ ಕೊಟ್ಟ. ಅವಳು ಅವನನ್ನು ಬಹಳ ಹೊತ್ತು ನೋಡಿ, ಕುಡಿದಳು.

ಮಳೆ ಶುರುವಾಯಿತು. ಹೀಲೋ ಮಳೆಗೆ ಆಟ ನಿಲ್ಲಿಸುವುದಾದರೆ ನಮ್ಮೂರ ಹುಡುಗಿಯರು ಆಟ ಕಲಿಯುವುದೇ ಸಾಧ್ಯವಿರಲಿಲ್ಲ. ಎರಡನೆಯದನ್ನು ಗೆದ್ದರು. ಅಷ್ಟರಲ್ಲಿ ಆ ಹೆಂಗಸು ಇನ್ನೊಂದು ಸಲ ಜಾಗ ಬದಲಾಯಿಸಿದ್ದಳು, ಕ್ಲೈಡ್ ಕೊಡೆ ಹಿಡಿದುಕೊಂಡು ಇನ್ನೊಂದು ಸಲ ಹಿಂದೆಯೇ ಹೋಗಿದ್ದ. ಟೋಪಿಯ ಹೆಂಗಸು ಒಟ್ಟು ಮೂರು ಸಲ ಅವನ ಬೆನ್ನು ಹತ್ತಿದ್ದರು. ಒಮ್ಮೆಯಂತೂ ಅವನು ಕಸದ ಡ್ರಮ್ಮಿನ ಹಿಂದೆ ಕೂತು ಉಸಿರು ಬಿಗಿಹಿಡಿದಿದ್ದ. ಫುಮಿ ಆಂಟಿ ದೂರದಿಂದಲೇ ತಲೆಯಾಡಿಸಿ ಶಹಬ್ಬಾಸ್ ಕೊಟ್ಟಳು.

ಮೂರನೆಯ ಆಟಕ್ಕೆ ಮೊದಲು ಅವನು ಅಡಗಲು ಐಸ್ ಡಬ್ಬಿಗಳ ಶೆಡ್ಡಿನ ಹಿಂದೆ ಹೋದರೆ, ಅಲ್ಲಿ ಆ ಗಂಟಲುನೋವಿನ ಹೆಂಗಸು ಮೊದಲೇ ಅಡಗಿ ನಿಂತಿದ್ದಳು.

"ನಿಮ್ಮನ್ನೂ ಹಿಡಿಯೋಕೆ ಬಂದ್ಳಾ ಅವಳು?" ಕ್ಲೈಡ್ ಪಿಸುಗುಟ್ಟಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

ಇಬ್ಬರೂ ತಗಡಿನ ಕೆಳಗೆ ನಿಂತು ಮಳೆ ನೋಡಿದರು. ಕ್ಲೈಡ್‌ನ ದನಿ ತಗ್ಗಿತು.

"ಒಂದು ನಿಜ ಹೇಳ್ತೀನಿ ಅಕ್ಕ. ಹೆಂಡ್ತಿಗೂ ಹೇಳಿಲ್ಲ. ಅವಳಿಗೆ ಆ ಜಾಗ ಸಿಗ್ಲಿ ಅಂತ ದಿನಾ ಬೇಡ್ಕೋತೀನಿ. ಬೇಡ್ಕೊಂಡು ಎದ್ದ ಮೇಲೆ, ಸಿಗದೇ ಇದ್ರೂ ಪರವಾಗಿಲ್ಲ ಅಂತ ಮೆಲ್ಲಗೆ ಸೇರಿಸ್ತೀನಿ. ಒಂಬತ್ತು ಮೈಲಿ ದೂರದ ಅಜ್ಜಿ ಮನೇಲಿ ಮಲ್ಗೋಕೆ ಹೋದ್ರೆ ಅತ್ತು ವಾಪಸ್ ಬರ್ತಿದ್ದ ಮಗು ಅದು. ಅಷ್ಟು ದೂರ ಹೋದ ಹುಡುಗೀರು ತಿರುಗಿ ಊರಿಗೆ ಬರ್ತಾರಾ?"

ಆ ಹೆಂಗಸು ಬಾಯಿ ತೆರೆದಳು. ಗಡಿಯಾರ ನೋಡಿಕೊಂಡಳು. ಬಾಯಿ ಮುಚ್ಚಿದಳು. ತನ್ನ ಪೊಟ್ಟಣದಿಂದ ಒಂದು ಪ್ಲಮ್ಮು ತೆಗೆದು ಅವನ ಅಂಗೈಯಲ್ಲಿಟ್ಟಳು.

ಕೊನೆಯ ಆಟದ ಕೊನೆಯ ಸರದಿ. ಲೇಹುವಾಳ ಟೀಮು ಒಂದು ಅಂಕ ಹಿಂದೆ, ಎರಡನೇ ನೆಲೆಯಲ್ಲಿ ಒಬ್ಬಳು, ಬ್ಯಾಟು ಹಿಡಿದು ಲೇಹುವಾ. ಚೆಂಡು ಎಸೆಯಬೇಕಾಗಿದ್ದದ್ದು ಎದುರು ಟೀಮಿನ ಒಂದು ಪುಟ್ಟ ಹುಡುಗಿ. ಮಳೆಯಲ್ಲಿ ತೊಯ್ದು ಬೆರಳು ಜಾರುತ್ತಿದ್ದವು, ಎರಡು ಸಲ ಚೆಂಡು ಕೈಯಿಂದಲೇ ಬಿತ್ತು. ಅವಳ ಕಣ್ಣಲ್ಲಿ ನೀರಾಡಿತು. ಲೇಹುವಾ ಅಂಪೈರ್‌ಗೆ ಕೈಯೆತ್ತಿ ಆಟ ನಿಲ್ಲಿಸಿ, ತನ್ನ ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡಿದ್ದ ಒಣ ಟವೆಲ್ ತೆಗೆದು ನಡೆದುಹೋಗಿ ಆ ಹುಡುಗಿಗೆ ಕೊಟ್ಟಳು. ಹುಡುಗಿ ಕೈ ಒರೆಸಿಕೊಂಡಳು, ಮೂಗೂ ಒರೆಸಿಕೊಂಡಳು. ಲೇಹುವಾ ವಾಪಸ್ಸು ಬಂದು ನಿಂತಳು.

ಒಣಗಿದ ಕೈಯಿಂದ ಬಂದದ್ದು ಆ ದಿನದ ಅತ್ಯುತ್ತಮ ಚೆಂಡು. ಕೆಳಗೆ, ಆಚೆ ಬದಿಗೆ.

"ಹೋಯ್ತು," ಎಂದ ಕ್ಲೈಡ್.

ಹೋಯಿತು, ನಿಜ. ಬ್ಯಾಟಿಗೆ ತಗುಲಿದ ಸದ್ದಿಗೆ ಮರದ ಮೇಲಿದ್ದ ಮೈನಾಗಳೆಲ್ಲ ಎದ್ದವು. ಚೆಂಡು ಮಳೆಯನ್ನು ಸೀಳಿಕೊಂಡು, ಬೇಲಿ ದಾಟಿ, ಬೇಲಿಯಾಚೆಯ ಪಪ್ಪಾಯಿ ಗಿಡಗಳನ್ನೂ ದಾಟಿ ಹೋಯಿತು. ಲೇಹುವಾ ಕೆಸರು ಹಾರಿಸುತ್ತಾ ನಾಲ್ಕು ನೆಲೆಗಳನ್ನೂ ಸುತ್ತಿ ಬರುವಷ್ಟರಲ್ಲಿ ಹದಿಮೂರು ಹುಡುಗಿಯರು ಅವಳ ಮೇಲೆ ಬಿದ್ದಾಗಿತ್ತು. ಎಪ್ಪತ್ತೆರಡರ ಫುಮಿ ಆಂಟಿ ಬೆಂಚಿನ ಮೇಲೆ ನಿಂತು ಕೊಡೆಯನ್ನು ಬ್ಯಾಟಿನಂತೆ ಬೀಸುತ್ತಿದ್ದಳು. ಕ್ಲೈಡ್ ಪಕ್ಕದಲ್ಲಿದ್ದ ಹೆಂಗಸನ್ನು ತಬ್ಬಿಕೊಂಡು ಕುಣಿದ. ಬಸ್ಸು ಓಡಿಸಿದ ಇಪ್ಪತ್ತು ವರ್ಷದಲ್ಲಿ ಅವನ ಕಾಲು ಅಷ್ಟು ಮೇಲೆ ಎದ್ದಿರಲಿಲ್ಲ.

ಆಟ ಮುಗಿದು, ಟೀಮಿನವರು ಕೈಕುಲುಕಿ, ಸಾಮಾನು ಕಟ್ಟಿಕೊಂಡು ಹೊರಬಂದರು. ಆಗ ಆ ಹೆಂಗಸು ಮತ್ತೊಮ್ಮೆ ಗಡಿಯಾರ ನೋಡಿಕೊಂಡು, ಜಾಕೆಟ್ಟಿನೊಳಗಿಂದ ನೀಲಿ ಟೋಪಿಯೊಂದನ್ನು ತೆಗೆದು ತಲೆಗಿಟ್ಟಳು. ಅದರ ಮೇಲೆ ಮಿನೆಸೋಟಾದ ಕಾಲೇಜಿನ ಹೆಸರಿತ್ತು.

"ಈಗ ಮಾತಾಡಬಹುದು, ಅಣ್ಣ," ಎಂದಳು, ಗಂಟೆಯಂಥ ದನಿಯಲ್ಲಿ. "ನಾನು ಕಾರ್ಲಾ ಸೊರೆನ್ಸನ್. ಸೊರೆನ್ಸನ್ ನನ್ನ ಗಂಡನ ಮನೆ ಹೆಸರು. ನಾನು ಹುಟ್ಟಿದ್ದು ಇಲ್ಲೇ, ಬಂದರಿನ ಹಿಂದಿನ ಬೀದೀಲಿ."

ಕ್ಲೈಡ್‌ನ ಕೈಯಿಂದ ಡಬ್ಬಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬರಿಯ ಮುಚ್ಚಳ ಹಿಡಿದುಕೊಂಡು ಎದ್ದ.

"ಕೋಚ್ ಮಾತಾಡಬಾರದು ಅಂತ ರೂಲಿದೆ, ಕೇಳಿಸ್ಕೊಂಡ್ರೆ ಏನು ಅಂತ ಎಲ್ಲೂ ಬರೆದಿಲ್ಲ. ಆದ್ರೂ ಮೂರು ಸಲ ಜಾಗ ಬದಲಾಯಿಸ್ದೆ. ನೀವು ಮೂರು ಸಲಾನೂ ಬಂದ್ರಿ."

ಲೇಹುವಾ ಕೆಸರಿನ ಮುಖದಲ್ಲಿ ಓಡಿಬಂದಳು. "ಅಪ್ಪ, ಏನೇನು ಹೇಳ್ದೆ?"

"ಹೆಚ್ಚೇನಿಲ್ಲ," ಎಂದ ಕ್ಲೈಡ್ ಕ್ಷೀಣವಾಗಿ.

"ನಾಲ್ಕು ಅಲಾರಂ," ಎಂದರು ಕೋಚ್. "ನಮ್ಮಲ್ಲಿ ಅಭ್ಯಾಸ ಬೆಳಿಗ್ಗೆ ಆರಕ್ಕೆ, ಐದನೇದನ್ನೂ ತಗೊಂಡು ಬಾ. ವಿಡಿಯೋ ನೋಡಿದಾಗಿಂದ ಆ ಕಾಮನಬಿಲ್ಲಿನ ಹಿಂದೆ ಏನಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ, ಅದೂ ಗೊತ್ತಾಯ್ತು. ಕೆಳಗೆ ಆಚೆ ಬೀಳೋ ಚೆಂಡಿಗೆ ಪಾಠ ಬೇಕು ಅಂದ್ಕೊಂಡಿದ್ದೆ. ಆ ಪಾಠಾನ ನೀನೇ ಈಗ ನನಗೆ ಮಾಡ್ದೆ. ಆದ್ರೆ ನಾನು ನಿರ್ಧಾರ ಮಾಡಿದ್ದು ಚೆಂಡು ಬೇಲಿ ದಾಟಿದಾಗ ಅಲ್ಲ, ಟವೆಲ್ ಕೊಟ್ಟಾಗ. ಆ ಜಾಗ ನಿಂದು, ಬರ್ತೀಯಾ?"

ಲೇಹುವಾ ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ, ಎರಡು ಸಲ, ಗಟ್ಟಿಯಾಗಿ.

"ಬರ್ತೀನಿ," ಎಂದಳು.

ಆಮೇಲೆ ನಡೆದದ್ದನ್ನು ಜಾತ್ರೆಯೆನ್ನಬೇಕು. ಹಾರಗಳು ಲೇಹುವಾಳ ಕಿವಿಯವರೆಗೆ ಬಂದವು. ಫೋನಿನಲ್ಲಿ ಲೋರ್ನಾ ಅಳುತ್ತಾ, "ಬಾಯಿ ಬಿಡ್ಲಿಲ್ಲ ತಾನೇ?" ಎಂದು ಕೇಳಿದಳು. "ಕೋಚ್ ಅಂತ ಗೊತ್ತಿದ್ದೋರ ಹತ್ರ ಒಂದು ಮಾತೂ ಆಡ್ಲಿಲ್ಲ," ಎಂದ ಕ್ಲೈಡ್. ಫುಮಿ ಆಂಟಿ ತನಗೆ ಮೊದಲೇ ಅನುಮಾನವಿತ್ತೆಂದು ನಾಲ್ಕು ಜನಕ್ಕೆ ಹೇಳಿ, ಎಲ್ಲರನ್ನೂ ತನ್ನ ಮನೆಯ ಊಟಕ್ಕೆಂದು ವ್ಯಾನಿಗೆ ತುಂಬಿದಳು.

ಹೊರಡುವ ಮುಂಚೆ ಕೋಚ್ ಕ್ಲೈಡ್‌ನ ಹತ್ತಿರ ಬಂದರು.

"ತಿರುಗಿ ಬರ್ತಾರಾ ಅಂತ ಕೇಳಿದ್ರಿ. ನಾಲ್ಕೇ ವರ್ಷ ಅಂತ ಹೋದವಳು ನಾನು, ಇಪ್ಪತ್ತಾರಾಯ್ತು. ಬರ್ತೀನಿ, ಹೋಗ್ತೀನಿ. ಸೋಮವಾರ ವಿಮಾನ." ಟೋಪಿ ಸರಿಮಾಡಿಕೊಂಡು, "ಸುಳ್ಳು ಹೇಳಬಹುದಿತ್ತು. ನೀವು ಬೆಳಿಗ್ಗೆಯಿಂದ ಒಂದೂ ಹೇಳ್ಲಿಲ್ಲವಲ್ಲ," ಎಂದರು.

ಕ್ಲೈಡ್ ನಗುತ್ತಲೇ ತನ್ನ ಪಿಕಪ್ ಟ್ರಕ್ಕಿನ ಕಡೆ ಹೋದ. ಮಗಳು ಗೆದ್ದಿದ್ದಳು. ಕಣ್ಣು ಮಂಜಾಗಿ ಅವನಿಗೆ ನೆಲ ಕಾಣುತ್ತಿರಲಿಲ್ಲ.

ಟ್ರಕ್ಕಿನ ಪಕ್ಕದಲ್ಲಿ ಹುಲ್ಲಿನ ಟೋಪಿಯ ಹೆಂಗಸು ನಿಂತಿದ್ದರು, ತಲೆಯಿಂದ ಕಾಲಿನವರೆಗೆ ತೊಯ್ದು.

"ದಯವಿಟ್ಟು ಓಡ್ಬೇಡಿ," ಎಂದರು. "ಬೆಳಿಗ್ಗೆ ನಿಮ್ಮ ಪಕ್ಕಾನೇ ಗಾಡಿ ನಿಲ್ಲಿಸ್ದೆ. ನಿಮ್ಮ ಟ್ರಕ್ಕಿನ ದೀಪ ಉರೀತಾನೇ ಇತ್ತು, ಕಿಟಕಿಯೂ ತೆರೆದಿತ್ತು. ಹೇಳೋಣ ಅಂತ ಬಂದ್ರೆ ನೀವು ನಿಲ್ಲೋದೇ ಇಲ್ಲ. ಕಿಟಕಿಗೆ ನನ್ನ ಮಳೆ ಕೋಟು ಹೊದಿಸಿದ್ದೀನಿ. ದೀಪಕ್ಕೆ ಏನೂ ಮಾಡೋಕಾಗ್ಲಿಲ್ಲ."

ದೀಪ ಯಾವಾಗಲೋ ಆರಿಹೋಗಿತ್ತು. ಕ್ಲೈಡ್ ಕೀಲಿ ತಿರುಗಿಸಿದ. ಟ್ರಕ್ಕು ಕಟಕ್ ಎಂದು ಸುಮ್ಮನಾಯಿತು.

"ಮತ್ತೆ ಆ ನೋಟ್‌ಬುಕ್?" ಎಂದ ಕೊನೆಗೆ.

"ಮೊಮ್ಮಗಳ ಆಟ ಬರ್ಕೊಳ್ತಿದ್ದೆ. ಆರೆಗನ್‌ನಿಂದ ನೋಡೋಕೆ ಬಂದೆ. ನಿಮ್ಮ ಮಗಳು ಯಾರಿಗೆ ಟವೆಲ್ ಕೊಟ್ಟು, ಆಮೇಲೆ ಯಾರ ಚೆಂಡು ಹೊಡೆದ್ಳೋ, ಆ ಹುಡುಗಿ. ಎರಡನ್ನೂ ಬರ್ಕೊಂಡಿದ್ದೀನಿ."

ವ್ಯಾನು ಹೋಗಿಯಾಗಿತ್ತು. ಫುಮಿ ಆಂಟಿಯ ಮನೆಯಿಂದ ಬ್ಯಾಟರಿಯ ವೈರು ಬರಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಕೋಳಿ ಮುಗಿದಿರುತ್ತದೆ. ಕ್ಲೈಡ್ ಟ್ರಕ್ಕಿನ ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತ. ಖಾಲಿ ಮೈದಾನ, ಮಳೆ, ನಾಲ್ಕು ಸಾವಿರ ಮೈಲಿ. ಬೆಳಿಗ್ಗೆಯಿಂದ ಊರಿಗೆಲ್ಲ ತಿನ್ನಿಸಿದವನ ಹೊಟ್ಟೆಗೆ ಒಂದು ಒಣ ಪ್ಲಮ್ಮಿನ ಹೊರತು ಏನೂ ಬಿದ್ದಿರಲಿಲ್ಲ.

ಆ ಹೆಂಗಸು ತಮ್ಮ ಕಾರಿನಿಂದ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದರು. ಬೆಳಿಗ್ಗೆ ತಾವೇ ಮಾಡಿಕೊಂಡು ಬಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಸೇಬು. ಊರವರೆಲ್ಲ ತಟ್ಟೆ ತಂದುಕೊಟ್ಟದ್ದರಿಂದ ಅದು ಹಾಗೇ ಉಳಿದಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಆದರೆ ಮಾತಾಡಿಸಿದರೆ ಈ ಮನುಷ್ಯ ಎದ್ದು ಓಡುತ್ತಾನೆಂಬುದು ಅವರಿಗೆ ಇಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಾಗಿತ್ತು. ಅದಕ್ಕೆ ಪೊಟ್ಟಣವನ್ನು ಸದ್ದಿಲ್ಲದೆ ಅವನ ಕೈಗಿಟ್ಟು, ಪಕ್ಕದಲ್ಲಿ ಕೂತರು.