ಇಪ್ಪತ್ತಕ್ಕೆ ಇಟ್ಟ ಗುರಿ

"ಇದು ಗಡಿಯಾರ ರಿಪೇರಿ ಮಾಡೋ ಕೈ. ನಾನು ಗುರಿ ಇಟ್ಟರೆ ಹಾರೋ ಸೊಳ್ಳೆಯೂ ನಿಂತು ಕಾಯುತ್ತೆ."

ಗಡಿಯಾರದಂಗಡಿಯವನು ಹೀಗೆ ಕೊಚ್ಚಿಕೊಂಡದ್ದು ಒಂದು ಕುರ್ಚಿಯ ಜೀವ ಉಳಿಸುವುದಕ್ಕೆ. ಹಜಾರದ ಮೂಲೆಯ ಆ ಕುರ್ಚಿಯ ಸ್ಪ್ರಿಂಗು ಸತ್ತು ಯಾವ ಕಾಲವಾಗಿತ್ತೋ. ಅದರಲ್ಲಿ ಕೂತವರನ್ನು ಎಬ್ಬಿಸಲು ಅಕ್ಕಪಕ್ಕದವರನ್ನು ಕೂಗಬೇಕಿತ್ತು. ಇವನಿಗೆ ಮಾತ್ರ ಅದೇ ಸಿಂಹಾಸನ. ಗುಜರಿಯವನಿಗೆ ಹೇಳಿಯಾಗಿದೆ ಅಂದಳು ಹೆಂಡತಿ. ಗೋಡೆಯ ಡಾರ್ಟ್ಸ್ ಫಲಕವೇ ತೀರ್ಮಾನಿಸಲಿ ಅಂದ ಇವನು. ತಾನು ಗೆದ್ದರೆ ಕುರ್ಚಿ ಮನೆಗೆ, ಸೋತರೆ ಗುಜರಿಗೆ.

ನಿಯಮ ಹೇಳಿದ್ದೂ ಇವನೇ. ಇಬ್ಬರಿಗೂ ಮುನ್ನೂರ ಒಂದರಿಂದ ಶುರು. ಸರದಿಗೆ ಮೂರು ಬಾಣ, ಬಾಣ ಬಿದ್ದ ಹೋಳಿನ ಅಂಕ ಕಳೆಯುತ್ತ ಹೋಗಬೇಕು, ಮೊದಲು ಸೊನ್ನೆ ಮುಟ್ಟಿದವರದು ಗೆಲುವು. ಇಷ್ಟೇನಾ ಅಂತ ಅವಳು ಅಂದದ್ದೇ ತಡ, ಇನ್ನೊಂದು ಕೊಕ್ಕೆ ಹಾಕಿದ: ಕೊನೆಯ ಬಾಣ ಯಾವುದಾದರೂ ಹೋಳಿನ ಅಂಚಿನ ಸಣ್ಣ ಪಟ್ಟಿಗೇ ಬೀಳಬೇಕು, ಅಲ್ಲಿ ಅಂಕ ಎರಡರಷ್ಟು. ಸೊನ್ನೆ ದಾಟಿದರೆ ಆ ಸರದಿಯೇ ರದ್ದು. ಈ ಬಲೆಯಲ್ಲಿ ಹೆಂಡತಿ ಮುಪ್ಪಿನವರೆಗೂ ಒದ್ದಾಡುತ್ತಾಳೆ ಅನ್ನುವುದು ಅವನ ಎಣಿಕೆ.

ಅವನ ತಾಯಿ ಅದೇ ಕುರ್ಚಿಯಲ್ಲಿ ಕತ್ತಿನವರೆಗೆ ಮುಳುಗಿ ತೀರ್ಪಿಗೆ ಕೂತರು.

ಇವನು ಫಲಕದ ನೆತ್ತಿಯ ಇಪ್ಪತ್ತಕ್ಕೇ ಹೊಡೆದೂ ಹೊಡೆದೂ ನಲವತ್ತಕ್ಕೆ ಇಳಿದ. ಇಪ್ಪತ್ತರ ಸಣ್ಣ ಪಟ್ಟಿಗೆ ಒಂದು ಬಾಣ ಬಿದ್ದರೆ ಕುರ್ಚಿ ಬದುಕಿತು. ಬಾಣ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ಸರಿದು, ಪಕ್ಕದಲ್ಲೇ ಇದ್ದ ಒಂದರ ಸಣ್ಣ ಪಟ್ಟಿಗೆ ನಾಟಿತು. ಎರಡು ಕಳೆದು ಮೂವತ್ತೆಂಟು. ಮುಂದಿನದು ಇಪ್ಪತ್ತರ ಹೊಟ್ಟೆಗೆ, ಹದಿನೆಂಟು. ಮೂರನೆಯದೂ ಅಲ್ಲಿಗೇ.

"ದಾಟಿತು ಕಣೋ. ಮತ್ತೆ ನಲವತ್ತು," ಅಂದರು ತಾಯಿ.

ಅವನ ಆಮೇಲಿನ ಸರದಿಗಳದೂ ಇದೇ ಹಾಡು. ಹೆಂಡತಿ ಒದ್ದೆ ಬಟ್ಟೆಯನ್ನು ತಂತಿಗೆ ಎಸೆಯುವ ಹಾಗೆ ಎಸೆಯುತ್ತ, ಸಿಕ್ಕಿದ್ದನ್ನು ಕಳೆಯುತ್ತ ಎರಡಕ್ಕೆ ಬಂದು ನಿಂತಳು. ಅವನಿಗೆ ನಗು ತಡೆಯಲಾಗಲಿಲ್ಲ. ಎರಡು ಮುಗಿಸಲು ಒಂದರ ಸಣ್ಣ ಪಟ್ಟಿಯೇ ಆಗಬೇಕು, ಅದು ಬೆರಳಗಲವೂ ಇಲ್ಲ, ಕ್ಲಬ್ಬಿನ ಘಟಾನುಘಟಿಗಳೇ ಅಲ್ಲಿ ಅಳುತ್ತಾರೆ ಅಂತ ಬುದ್ಧಿ ಹೇಳಿದ.

ಅವಳು ಎಸೆದಳು. ಒಂದರ ಸಣ್ಣ ಪಟ್ಟಿಗೇ ಟಕ್ಕೆಂದು ನಾಟಿತು.

ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು. ತಾಯಿಯನ್ನು ಕುರ್ಚಿಯಿಂದ ಎತ್ತಲು ಬಗ್ಗಿದವನು ಅಲ್ಲಿಂದಲೇ ಕೇಳಿದ, "ಅದು ಹೇಗೆ ಹೊಡೆದೆ ನೀನು?"

"ನೀವು ಮಾಡಿದ ಹಾಗೇ ರೀ. ಇಪ್ಪತ್ತಕ್ಕೆ ಗುರಿ ಇಟ್ಟೆ."